ಕಿತ್ತಳೆ ಬಂದ ಮೇಲೆ

ಉಪ್ಪು ಮೊದಲ ಸಲ ಊರು ಬಿಟ್ಟು ಹೋದಾಗ ನನಗೆ ಒಂಬತ್ತು ವರ್ಷ. ಜಾಡಿಯ ತುಂಬ ಉಪ್ಪು ಇತ್ತು, ಬೆಳ್ಳಗೇ ಇತ್ತು, ನಾಲಿಗೆಯ ಮೇಲಿಟ್ಟರೆ ಮಾತ್ರ ಮರಳು. ಅವ್ವ ರುಚಿ ನೋಡಲಾಗದೆ ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ಸಪ್ಪೆ ಎನ್ನುವ ಮಾತನ್ನು ಮನೆಯೊಳಗೆ ಯಾರೂ ಆಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ. ನಲವತ್ತು ದಿನ ಊರಿಗೆ ಊರೇ ತಲೆ ತಗ್ಗಿಸಿಕೊಂಡು ಉಂಡಿತು. ನಲವತ್ತೊಂದನೆಯ ದಿನ ಉಪ್ಪು ಬಂತು, ಅದೇ ಗಳಿಗೆಯಲ್ಲಿ ಏಲಕ್ಕಿ ಹೋಯಿತು. ಏಲಕ್ಕಿ ಹೋದದ್ದು ಒಂದು ವಾರ ಯಾರಿಗೂ ಗೊತ್ತೇ ಆಗಲಿಲ್ಲ.

ನಮ್ಮೂರಿನಲ್ಲಿ ಹಾಗೇ. ಯಾವಾಗಲೂ ಒಂದಲ್ಲ ಒಂದು ರುಚಿ ಊರಾಚೆ ಇರುತ್ತದೆ. ಅದು ಬಂದರೆ ಇನ್ನೊಂದು ಹೊರಡುತ್ತದೆ. ಕೆಲವು ಹತ್ತು ದಿನಕ್ಕೆ ಬರುತ್ತವೆ, ಕೆಲವು ಹತ್ತು ವರ್ಷಕ್ಕೆ. ಬಂದದ್ದು ಯಾರ ನಾಲಿಗೆಗೆ ಮೊದಲು ಸಿಗುತ್ತದೋ ಅವರು ಬೀದಿಗೆ ಬಂದು ತಟ್ಟೆ ಬಡಿದು ಹೇಳಬೇಕು. ಮೆಣಸಿನಕಾಯಿ ಹೋದ ವರ್ಷ ಊರಿನಲ್ಲಿ ಜಗಳಗಳೇ ಆಗಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಾನು ನಂಬುವುದಿಲ್ಲ, ನಮ್ಮ ಹಿರಿಯರನ್ನು ನಾನು ನೋಡಿದ್ದೇನೆ.

ಕಿತ್ತಳೆ ಹೋದದ್ದು ನನ್ನ ಮದುವೆಯ ದಿನ ಬೆಳಿಗ್ಗೆ.

ನಾನು ಕೆಂಪಾಜಮ್ಮ. ಬಿಯರ್ ಬೀದಿಯಲ್ಲಿ ರವಿಕೆ ಹೊಲಿಯುವವಳು. ನಮ್ಮ ಮನೆಯ ಎದುರಿಗೇ ಮಾಯಣ್ಣನ ಬಿಯರ್ ಮನೆ. ಅವನ ಅಜ್ಜನ ಕಾಲದಿಂದಲೂ ಅವರು ಮಾಡುವುದು ಗೋಧಿ ಬಿಯರ್ ಒಂದೇ. ಮೊಳಕೆ ಬರಿಸಿದ ಗೋಧಿಯನ್ನು ಒಣಗಿಸಿ, ನುಚ್ಚು ಮಾಡಿ, ತಾಮ್ರದ ಕೊಪ್ಪರಿಗೆಯಲ್ಲಿ ಕುದಿಸುತ್ತಾರೆ. ಸೋಸಿ, ಆರಿಸಿ, ಹುದುಗು ಬೆರೆಸುತ್ತಾರೆ. ಕೊಪ್ಪರಿಗೆ ಇಳಿಸುವ ಹೊತ್ತಿಗೆ ಜಜ್ಜಿದ ಕೊತ್ತಂಬರಿ ಬೀಜ, ಜೊತೆಗೆ ಶುಂಠಿಯೋ ಜೀರಿಗೆಯೋ ಹಣ್ಣಿನ ಸಿಪ್ಪೆಯೋ ಬೀಳುತ್ತದೆ. ಗಾಜಿನ ಮಗ್ಗಿಗೆ ಬಗ್ಗಿಸಿದರೆ ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗಿರುತ್ತದೆ, ಮೇಲೆ ಎರಡು ಬೆರಳು ನೊರೆ ನಿಲ್ಲುತ್ತದೆ.

ನಮ್ಮಲ್ಲಿ ಮದುವೆ ನಿಶ್ಚಯವಾದ ದಿನ ಹುಡುಗ ಹುಡುಗಿ ಇಬ್ಬರೂ ಸೇರಿ ಒಂದು ರುಚಿಯ ಹೆಸರನ್ನು ಸಣ್ಣಮ್ಮಜ್ಜಿಯ ಕಿವಿಯಲ್ಲಿ ಹೇಳಬೇಕು. ಸಣ್ಣಮ್ಮಜ್ಜಿ ಊರಿನ ಮದುವೆಗಳನ್ನೆಲ್ಲ ನಡೆಸಿಕೊಡುವವಳು. ಆ ರುಚಿ ಹಾಕಿದ ಗೋಧಿ ಬಿಯರನ್ನು ಮುಹೂರ್ತದಲ್ಲಿ ಒಂದೇ ಮಗ್ಗಿನಿಂದ ಇಬ್ಬರೂ ಕುಡಿದು, ಒಟ್ಟಿಗೇ, ಒಂದೇ ಉಸಿರಿಗೆ ಅದರ ಹೆಸರು ಹೇಳಬೇಕು. ಆಮೇಲೆಯೇ ತಾಳಿ. ಒಮ್ಮೆ ಹೇಳಿದ ಹೆಸರನ್ನು ಬದಲಾಯಿಸುವ ಹಾಗಿಲ್ಲ. ಮಾಯಣ್ಣ ಕಿತ್ತಳೆ ಎಂದ. ನಾನು ಚಿಕ್ಕಂದಿನಿಂದ ಅವನ ಹಿತ್ತಿಲ ಗೋಡೆಯ ಮೇಲೆ ಕೂತು ಕಿತ್ತಳೆ ಸುಲಿದು ತಿಂದವಳು, ನನ್ನ ಉಗುರು ಸದಾ ಹಳದಿ. "ಕಿತ್ತಳೆ ಅಂದ್ರೆ ನಂಗೆ ನಿನ್ ಕೈಯೇ ಗೆಪ್ತಿಗ್ ಬರೋದು" ಎಂದಿದ್ದ. ಅದಕ್ಕೆ ನಾನೂ ತಲೆಯಾಡಿಸಿದೆ. ಆ ವಯಸ್ಸಿನಲ್ಲಿ ಯಾವ ಮಾತಿಗೆ ತಾನೆ ತಲೆಯಾಡಿಸುವುದಿಲ್ಲ?

ಮುಹೂರ್ತಕ್ಕೆ ಮುನ್ನೂರು ಜನ ಸೇರಿದ್ದರು. ನಾನು ಮೊದಲು ಕುಡಿದೆ. ಗೋಧಿಯ ಮೆದು ಸಿಹಿ ಇತ್ತು, ಕೊತ್ತಂಬರಿಯ ಘಮ ಇತ್ತು, ಕೊನೆಗೆ ಬರುವ ಸಣ್ಣ ಹುಳಿಯೂ ಇತ್ತು. ಕಿತ್ತಳೆ ಇರಲಿಲ್ಲ. ಮಾಯಣ್ಣ ಕುಡಿದ. ಕುಡಿದು ನನ್ನ ಮುಖ ನೋಡಿದ. "ಹೇಳ್ರಪ್ಪ, ಏನು ನಾಚ್ಕೆ?" ಎಂದಳು ಸಣ್ಣಮ್ಮಜ್ಜಿ. "ಕಿತ್ತಳೆ ಸಿಗ್ತಿಲ್ಲ" ಎಂದೆ ನಾನು. ಯಾರೋ ಹಿತ್ತಿಲಿಗೆ ಓಡಿ ಒಂದು ಹಣ್ಣು ಕಿತ್ತು ಕಚ್ಚಿದರು. "ಬರೀ ನೀರು" ಎಂದರು. ಅಷ್ಟರಲ್ಲಿ ಈರಭದ್ರನ ಹೋಟೆಲಿನಿಂದ ತಟ್ಟೆ ಬಡಿಯುವ ಸದ್ದು ಬಂತು. ಎರಡು ವರ್ಷದಿಂದ ಇಲ್ಲದಿದ್ದ ಸಾಸಿವೆ ಬಂದಿತ್ತು. ಜನ ನಮ್ಮ ಚಪ್ಪರದಲ್ಲೇ ಸಾಸಿವೆಗೆ ಚಪ್ಪಾಳೆ ತಟ್ಟಿದರು. ಊಟ ಮುಗಿಸಿ, ಒಗ್ಗರಣೆಯನ್ನು ಹೊಗಳುತ್ತಾ ಮನೆಗೆ ಹೋದರು. "ಹದಿನೈದ್ ದಿನ ತಡ್ಕೊಳ್ಳಿ, ಬತ್ತದೆ" ಎಂದು ಸಣ್ಣಮ್ಮಜ್ಜಿ ನನ್ನ ಬಾಸಿಂಗ ಬಿಚ್ಚಿದಳು.

ಹತ್ತೊಂಬತ್ತು ವರ್ಷ ಆಯಿತು.

ಕಿತ್ತಳೆ ಹೋದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಅದು ಉಪ್ಪಲ್ಲ, ಹುಣಸೆಯಲ್ಲ. ಅದು ಹೊರಗಿರುವಷ್ಟು ದಿನ ಬೇರೆ ಯಾವುದೂ ಹೋಗುವುದಿಲ್ಲವಲ್ಲ, ಹಾಗಾಗಿ ಊರು ಬಲು ನೆಮ್ಮದಿಯಾಗಿತ್ತು. ಹಣ್ಣುಗಳನ್ನು ಮೇಕೆಗೆ ಹಾಕುತ್ತಿದ್ದರು. ರವಿಕೆ ಅಳತೆ ಕೊಡಲು ಬಂದ ಹೆಂಗಸರು ನನ್ನ ಟೇಪು ಅವರ ಸೊಂಟದ ಸುತ್ತ ಇರುವಾಗಲೇ, "ಕಿತ್ತಳೆ ಎಲ್ಲಿದ್ಯೋ ಅಲ್ಲೇ ಸುಖವಾಗಿರ್ಲಿ ಕಣಮ್ಮ" ಎನ್ನುತ್ತಿದ್ದರು. ಆಮೇಲೆ ನಾಲಿಗೆ ಕಚ್ಚಿಕೊಂಡು, "ನಿನ್ನ ವಿಷ್ಯ ಬೇರೆ ಬಿಡು" ಎನ್ನುತ್ತಿದ್ದರು. ಅಂಥವರ ತೋಳನ್ನು ನಾನು ಅರ್ಧ ಇಂಚು ಬಿಗಿಯಾಗಿ ಹೊಲಿದಿದ್ದೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ನನ್ನ ಮದುವೆಯ ರವಿಕೆಯನ್ನು ನಾನೇ ಹೊಲಿದುಕೊಂಡಿದ್ದೆ, ಹಸಿರು ರೇಷ್ಮೆ. ಅದನ್ನು ಈ ವರ್ಷಗಳಲ್ಲಿ ನಾಲ್ಕು ಸಲ ಬಿಚ್ಚಿ ದೊಡ್ಡದು ಮಾಡಿದೆ. ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆ ಮುಗಿದ ಮೇಲೆ ಕಂಕುಳಿಗೆ ಬೇರೆ ಹಸಿರಿನ ತುಂಡು ಕೊಟ್ಟೆ. ಪ್ರತಿ ಸಲ ಹೊಲಿಗೆ ಬಿಚ್ಚುವಾಗಲೂ ಸಾಕು, ಇದೇ ಕೊನೆ ಎಂದುಕೊಳ್ಳುತ್ತಿದ್ದೆ. ಬೇರೆ ಗಂಡುಗಳು ಬಂದಿದ್ದರು. ಮಾಯಣ್ಣನಿಗೂ ಹೆಣ್ಣು ಕೊಡುತ್ತೇವೆಂದು ಬಂದಿದ್ದರು. ಅವನು ಬಂದವರಿಗೆಲ್ಲ ಒಂದೊಂದು ಮಗ್ ಶುಂಠಿ ಬಿಯರ್ ಕೊಟ್ಟು ಕಳಿಸಿದ. ನಾನು ಅಷ್ಟನ್ನೂ ಕೊಡಲಿಲ್ಲ.

ಪ್ರತಿ ವರ್ಷ ಮಾಗಿಯಲ್ಲಿ ಹಣ್ಣು ಮಾಗಿದಾಗ ಅವನು ಒಂದು ಸಣ್ಣ ಪೀಪಾಯಿ ಕಿತ್ತಳೆ ಸಿಪ್ಪೆಯ ಬಿಯರ್ ಮಾಡುತ್ತಿದ್ದ. ಅದು ಹದಕ್ಕೆ ಬಂದ ದಿನ ಬೆಳಿಗ್ಗೆ ಬೀದಿಯಾಚೆಯಿಂದ "ಕೆಂಪಾಜೀ, ಬಾ" ಎಂದು ಕೂಗುತ್ತಿದ್ದ. ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಕೂದಲು ಸರಿ ಮಾಡಿಕೊಂಡು ಹೋಗುತ್ತಿದ್ದೆ. ನಾನು ಕುಡಿಯುತ್ತಿದ್ದೆ, ಅವನು ಕುಡಿಯುತ್ತಿದ್ದ. "ಇಲ್ಲ" ಎನ್ನುತ್ತಿದ್ದೆವು. ಮಾಡಿದ್ದು ಹಾಳಾಗಬಾರದೆಂದು ಉಳಿದದ್ದನ್ನು ಕುಡಿಯುತ್ತಾ ಕೂರುತ್ತಿದ್ದೆವು. ಈಚಿನ ಮೂರು ವರ್ಷಗಳಲ್ಲಿ ಅವನಿಗೆ ಹೊಸ ಅಭ್ಯಾಸ ಒಂದು ಬಂದಿತ್ತು. ಯಾವ ಪೀಪಾಯಿ ತೆರೆದರೂ ಮೊದಲ ಮಗ್ ನನಗೇ ತಂದುಕೊಟ್ಟು, "ಹೇಗಿದೆ ಹೇಳು" ಎನ್ನುತ್ತಿದ್ದ. ಶುಂಠಿ ಜಾಸ್ತಿಯಾಯಿತು ಎಂದರೆ ಮುಂದಿನ ಸಲ ಕಡಿಮೆ ಮಾಡುತ್ತಿದ್ದ. ಗೋಧಿ ಎಳಸು ಎಂದರೆ ಇನ್ನೆರಡು ದಿನ ಬಿಡುತ್ತಿದ್ದ. ನಾನು ಹೇಳುವಾಗ ಒಂದು ಮಾತೂ ಬಿಡದೆ ಕೇಳುತ್ತಿದ್ದ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಹತ್ತೊಂಬತ್ತನೆಯ ವರ್ಷವೂ ಕರೆದ. ಹೋದೆ. ಮಗ್ ಎತ್ತಿ ಒಂದು ಗುಟುಕು ಕುಡಿದೆ.

ಮೊದಲು ನೊರೆ, ಆಮೇಲೆ ಗೋಧಿ, ಅದರ ಬೆನ್ನಿಗೇ ಕಿತ್ತಳೆ. ಸಿಪ್ಪೆಯನ್ನು ಮಡಚಿದಾಗ ಕಣ್ಣಿಗೆ ಚಿಮ್ಮುವ ಆ ಎಣ್ಣೆಯ ಖಾರ, ಬಿಳಿ ನಾರಿನ ಕಹಿ, ತೊಳೆ ಒಡೆದಾಗ ಬಾಯಿಯ ಎರಡೂ ಬದಿ ನೀರೂರಿಸುವ ಹುಳಿಸಿಹಿ, ಎಲ್ಲವೂ ಒಟ್ಟಿಗೆ ಬಂದವು. ಹಿತ್ತಿಲ ಗೋಡೆ ಬಂತು. ಹಳದಿ ಉಗುರಿನ ಆ ಹುಡುಗಿಯೂ ಬಂದಳು. ಪೀಪಾಯಿ ಹಿಡಿದುಕೊಂಡೆ.

ಆಗ ನಾನೊಂದು ಹುಚ್ಚು ಕೆಲಸ ಮಾಡಿದೆ. ಇದನ್ನು ಅವನೇ ಮೊದಲು ಹೇಳಲಿ, ಹತ್ತೊಂಬತ್ತು ವರ್ಷ ಕಾದದ್ದಕ್ಕೆ ಅವನ ಬಾಯಿಂದಲೇ ಕೇಳುತ್ತೇನೆ ಎಂದು ಆಸೆಪಟ್ಟೆ. ಹಲ್ಲು ಕಚ್ಚಿ, ಮುಖವನ್ನು ಗೋಡೆಯ ಹಾಗೆ ಮಾಡಿಕೊಂಡು, ಮಗ್ಗನ್ನು ಅವನ ಕೈಗೆ ಕೊಟ್ಟೆ. ಅವನು ನನ್ನ ಮುಖ ನೋಡಿದ, ಕುಡಿದ, ಮತ್ತೆ ನನ್ನ ಮುಖ ನೋಡಿದ. ಮಗ್ ಕೆಳಗಿಟ್ಟ.

"ಇಲ್ಲ ಕಣೆ. ಮುಂದಿನ್ ವರ್ಷ ನೋಡಾನ" ಎಂದ.

ನಾನು ಬೀದಿ ದಾಟಿ ಮನೆಗೆ ಬಂದೆ. ಬಾಗಿಲು ಹಾಕಿಕೊಂಡು ಅತ್ತೆ. ಅವನಿಗೆ ಬೇಡವಾಗಿದ್ದೇನೆ, ಅಷ್ಟೇ. ಕಾಯುವುದೇ ಅವನಿಗೆ ಒಗ್ಗಿಹೋಗಿದೆ, ನಲವತ್ತೊಂದರ ಹೆಂಗಸು ಮನೆಗೆ ಬರುವುದು ಬೇಕಾಗಿಲ್ಲ. ಸುಳ್ಳ, ಬಾಯಿ ತುಂಬ ಕಿತ್ತಳೆ ಇಟ್ಟುಕೊಂಡು ಇಲ್ಲ ಎಂದನಲ್ಲ! ಕಣ್ಣೀರು ಕೆನ್ನೆ ದಾಟಿ ಬಾಯಿಗೆ ಇಳಿಯಿತು. ಬರೀ ನೀರು. ಇನ್ನೊಂದು ಹನಿಯನ್ನು ನಾಲಿಗೆಯಿಂದ ನೆಕ್ಕಿ ನೋಡಿದೆ. ಬಾವಿ ನೀರಿಗೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ಕಿತ್ತಳೆ ಬಂದು ಉಪ್ಪು ಹೋಗಿತ್ತು.

ಸರಿ, ಇದಕ್ಕಿಂತ ಸಾಕ್ಷಿ ಏನು ಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಮತ್ತೆ ಬೀದಿ ದಾಟಿದೆ. ಏನೋ ಬಂದಿದ್ದರಿಂದ ತಾನೆ ಉಪ್ಪು ಹೋದದ್ದು, ಈಗ ಇಲ್ಲ ಎನ್ನು ನೋಡೋಣ ಎಂದು ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಕೊಂಡು ಹೋದೆ. ಮಾಯಣ್ಣ ಕೊಪ್ಪರಿಗೆಯ ಪಕ್ಕ ಚಾಪೆ ಹಾಕಿಕೊಂಡು ಊಟಕ್ಕೆ ಕೂತಿದ್ದ. ಊರಿನಲ್ಲಿ ಇನ್ನೂ ಯಾರೂ ಕೂಗೆಬ್ಬಿಸಿರಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿ, ನನ್ನನ್ನು ನೋಡಿ ನಕ್ಕ.

"ಬಾ ಕೆಂಪಾಜಿ, ಎರಡು ತುತ್ತು ಉಣ್ಣು. ಇವತ್ತು ಉಪ್ಪು ಖಾರ ಹದವಾಗಿ ಬಿದ್ದೈತೆ."

ಅವನ ಎದುರಿಗೆ ಕೂತೆ. ಅವನ ಬಟ್ಟಲಿಗೇ ಬೆರಳು ಅದ್ದಿ ನೆಕ್ಕಿದೆ.

"ಮಾಯಣ್ಣ, ಉಪ್ಪು ಊರಲ್ಲೇ ಇಲ್ಲ."

ಅವನು ಹಿಡಿದ ತುತ್ತನ್ನು ತಟ್ಟೆಗೆ ಇಟ್ಟ.

"ಯಾವತ್ತಿನಿಂದ?" ಎಂದು ಕೇಳಿದೆ.

"ಆ ಜ್ವರ ಬಂದಿತ್ತಲ್ಲ, ಮೂರು ವರ್ಷ ಆತು. ಜ್ವರ ಬಿಡ್ತು, ನಾಲ್ಗೆ ತಿರುಗ್ ಬರಲಿಲ್ಲ. ಉಪ್ಪೂ ಇಲ್ಲ, ಹುಳೀನೂ ಇಲ್ಲ. ಬಿಯರ್ ಮಾಡೋನಿಗೆ ನಾಲ್ಗೆ ಸತ್ತೋಗದೆ ಅಂತ ಯಾರ ಹತ್ರ ಹೇಳ್ಲಿ?"

"ನನ್ ಹತ್ರ ಹೇಳ್ಬೋದಿತ್ತಲ್ಲ."

"ನಿನ್ಗೆ ಹೆಂಗೇಳ್ಲಿ? ಕಿತ್ತಳೆ ಬಂದ್ರೂ ನಾನು ಹೆಸರು ಹೇಳಂಗಿಲ್ಲ ಅಂತ ಗೊತ್ತಾದ್ರೆ ನೀನು ಯಾಕ್ ಕಾಯ್ತೀಯ? ಅದ್ಕೇ ಪ್ರತಿ ಸಲ ನಿನ್ ಮುಖ ನೋಡ್ತಿದ್ದೆ. ಬಂದಿದ್ರೆ ನಿನ್ ಮುಖದಾಗೆ ಕಾಣ್ತದೆ ಅಂತ. ಇವತ್ತೂ ನೋಡ್ದೆ. ಏನೂ ಇರಲಿಲ್ಲ."

ಅವನು ಓದುತ್ತಿದ್ದ ಒಂದೇ ಒಂದು ಪುಟವನ್ನು ನಾನು ಮುಚ್ಚಿಟ್ಟಿದ್ದೆ. ಪೀಪಾಯಿಯ ಮೇಲೆ ಆ ಮಗ್ ಇನ್ನೂ ಅರ್ಧ ಇತ್ತು. ಎತ್ತಿ ಕುಡಿದೆ, ಈ ಸಲ ಮುಖ ಮುಚ್ಚಲಿಲ್ಲ. ಕಣ್ಣು ಮೂಗು ಎಲ್ಲ ಸುರಿಯುವ ಹಾಗೆ ಅತ್ತೆ. ಮಾಯಣ್ಣ ಎಂಜಲು ಕೈಯಲ್ಲೇ ಎದ್ದು ನಿಂತ. "ಬಂತಾ?" ಎಂದ. ನನ್ನ ಮುಖ ನೋಡಿದ. "ಬಂದದೆ, ಬಂದದೆ" ಎಂದು ಅವನೇ ಹೇಳಿಕೊಂಡ. ಅಷ್ಟರಲ್ಲಿ ಊಟದ ಹೊತ್ತಾಗಿ, ಬೀದಿಯ ಉದ್ದಕ್ಕೂ ಒಂದೊಂದೇ ಮನೆಯಿಂದ ಹಾಹಾಕಾರ ಏಳತೊಡಗಿತು.

ಮುಹೂರ್ತದಲ್ಲಿ ಹೆಸರು ಹೇಳುವುದಕ್ಕೆ ಅವನು ಮೊದಮೊದಲು ಒಪ್ಪಲಿಲ್ಲ. ನಾಲಿಗೆಗೆ ಸಿಗದ್ದನ್ನು ಸಿಕ್ಕಿತು ಎಂದು ಮುನ್ನೂರು ಜನರ ಮುಂದೆ ಹೇಳಿ ತಾಳಿ ಕಟ್ಟಲಾರೆ ಎಂದ. ಅವನ ಅಜ್ಜನೂ ಹೀಗೇ ಇದ್ದನಂತೆ, ಆ ಮನೆತನಕ್ಕೆ ಹಟ ಪೀಪಾಯಿಗಟ್ಟಲೆ ಇದೆ. "ಮೂರು ವರ್ಷ ನನ್ ಮುಖ ನೋಡಿ ಇಲ್ಲ ಅಂದ್ಯಲ್ಲ, ಅದೇನು ಸುಳ್ಳಾ?" ಎಂದು ಕೇಳಿದೆ. ಅದು ನಿಜವೇ ಎಂದ. "ಹಂಗಾದ್ರೆ ಅದೇ ಮುಖ ನೋಡಿ ಹೌದು ಅನ್ನೋದು ಹೆಂಗ್ ಸುಳ್ಳಾಯ್ತದೆ?" ಎರಡು ದಿನ ಮರುಮಾತು ಹುಡುಕಿ, ಮೂರನೆಯ ದಿನ ಹೂಂ ಎಂದ.

ನಮ್ಮ ಮದುವೆಯ ಊಟ ಊರಿನ ಅತಿ ಕೆಟ್ಟ ಮದುವೆ ಊಟ ಎಂದು ಹೆಸರಾಗಿದೆ. ಉಪ್ಪಿಲ್ಲದ ಕೋಸಂಬರಿ, ಉಪ್ಪಿಲ್ಲದ ಹುಳಿ. ನಮ್ಮ ಕಿತ್ತಳೆಯಿಂದಲೇ ಇದೆಲ್ಲ ಆದದ್ದೆಂದು ಜನ ಮುಖ ಗಂಟು ಹಾಕಿಕೊಂಡು ಬಂದಿದ್ದರು. ಈರಭದ್ರನಂತೂ ಹೋಟೆಲಿಗೆ ಬೀಗ ಹಾಕಿಕೊಂಡು ಬಂದಿದ್ದ. ಕಂಕುಳಲ್ಲಿ ಬೇರೆ ಹಸಿರಿನ ತುಂಡಿದ್ದ ರವಿಕೆ ತೊಟ್ಟು ನಾನು ನಿಂತೆ. ಕುಡಿದೆ. ನಾನು "ಕಿತ್ತಳೆ" ಎಂದಾಗ ಮಾಯಣ್ಣ ಇನ್ನೂ ನನ್ನ ಮುಖ ನೋಡುತ್ತಿದ್ದ. ನೋಡಿ, ಗಂಟಲು ಸರಿ ಮಾಡಿಕೊಂಡು, ಆಮೇಲೆ "ಕಿತ್ತಳೆ" ಎಂದ. ಎರಡು ಮಾತಿನ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಇತ್ತು. ಸಣ್ಣಮ್ಮಜ್ಜಿಗೆ ಈಗ ಕಿವಿ ಮಂದ. "ಒಟ್ಟಿಗೇ ಅಂದ್ರಾ?" ಎಂದು ಜನರನ್ನು ಕೇಳಿದಳು. ಮುಂದಿನ ಸಾಲಿನಲ್ಲಿದ್ದ ಈರಭದ್ರ ನನ್ನನ್ನು ನೋಡಿದ, ನನ್ನ ರವಿಕೆ ನೋಡಿದ. "ಒಂದೇ ಉಸಿರಿಗೆ ಅಂದ್ರು ಕಣಜ್ಜಿ, ಕಟ್ಟಿಸು ಮತ್ತೆ" ಎಂದ. "ಒಂದೇ ಉಸಿರಿಗೆ" ಎಂದು ಎಲ್ಲರೂ ಕೂಗಿದರು. ಅವರ ತೋಳುಗಳನ್ನು ಬಿಗಿಯಾಗಿ ಹೊಲಿದದ್ದಕ್ಕೆ ಅವತ್ತು ಮೊದಲ ಸಲ ನನಗೆ ಬೇಸರವಾಯಿತು. ಸಪ್ಪೆ ಊಟವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡವನು ಮದುಮಗ ಒಬ್ಬನೇ.

ಆ ಮಾಗಿಯಲ್ಲಿ ಮರದ ಹಣ್ಣುಗಳನ್ನೆಲ್ಲ ಮಕ್ಕಳು ಕಿತ್ತು ತಿಂದು ಮುಗಿಸಿದರು. ಮಾಯಣ್ಣ ಅಷ್ಟರೊಳಗೆ ಸಿಪ್ಪೆಗಳನ್ನು ಆಯ್ದು ಒಣಗಿಸಿ ಡಬ್ಬಿಗೆ ತುಂಬಿದ. ಮೊದಲ ವರ್ಷ ಮದುವೆಯ ರುಚಿಯ ಬಿಯರನ್ನು ಗಂಡಹೆಂಡತಿ ಬಿಟ್ಟು ಬೇರೆಯವರು ಕುಡಿಯುವಂತಿಲ್ಲ, ಅದೂ ನಮ್ಮಲ್ಲಿ ಒಂದು ಪದ್ಧತಿ. ಪ್ರತಿ ಗುರುವಾರ ಸಂಜೆ ಹಿತ್ತಿಲ ಗೋಡೆಯ ಮೇಲೆ ಕೂತು ಒಂದು ಮಗ್ ಕುಡಿಯುತ್ತಿದ್ದೆವು. ಕುಡಿದಾಗಲೆಲ್ಲ ನನ್ನ ಕಣ್ಣು ತುಂಬುತ್ತಿತ್ತು. ಮಾಯಣ್ಣ ಅದನ್ನು ನೋಡಿ, "ಹೇಗಿದೆ ಹೇಳು" ಎನ್ನುತ್ತಿದ್ದ. ಸಿಪ್ಪೆಯ ಖಾರದಿಂದ ಹಿಡಿದು ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳುತ್ತಾ ತನ್ನ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದ, ನನ್ನ ಮಾತು ಮುಗಿದ ಮೇಲೆ ನುಂಗುತ್ತಿದ್ದ. ಹೀಗೆ ಎಂಟು ತಿಂಗಳು ಕಳೆಯಿತು.

ಹೋದ ತಿಂಗಳ ಮೊದಲ ಗುರುವಾರ ಮಗ್ ಎತ್ತಿ ಕುಡಿದೆ. ಗೋಧಿ ಇತ್ತು. ಕೊತ್ತಂಬರಿ ಇತ್ತು. ಕೊನೆಯ ಸಣ್ಣ ಹುಳಿ ಇತ್ತು. ಇನ್ನೊಂದು ಗುಟುಕು ಕುಡಿದೆ, ನಾಲಿಗೆಯ ಕೆಳಗೆಲ್ಲ ಹುಡುಕಿದೆ. ಅವನು ನನ್ನ ಮುಖ ನೋಡುತ್ತಿದ್ದಾನೆಂದು ಗೊತ್ತಿತ್ತು. ಕಣ್ಣು ತುಂಬಿ ಬಂತು, ತಡೆಯಲಿಲ್ಲ. ಹನಿ ತುಟಿಯ ಅಂಚಿಗೆ ಇಳಿಯಿತು. ಉಪ್ಪು ಉಪ್ಪಾಗಿತ್ತು.

ಆಗಲೇ ಬೀದಿಯ ಆ ತುದಿಯಲ್ಲಿ ತಟ್ಟೆ ಬಡಿಯತೊಡಗಿದರು. ಒಂದು ತಟ್ಟೆ ಹತ್ತಾಯಿತು, ಹತ್ತು ನೂರಾಯಿತು. "ಉಪ್ಪು ಬಂತು" ಎಂದು ಈರಭದ್ರ ಹೆಂಡತಿಯನ್ನು ಕರೆದುಕೊಂಡು ಬೀದಿಯಲ್ಲಿ ಓಡುತ್ತಿದ್ದ.

"ಉಪ್ಪು ಬಂತಂತೆ. ಹಂಗಾದ್ರೆ ಹೋಗಿದ್ದು ಯಾವ್ದು?" ಎಂದ ಮಾಯಣ್ಣ.

"ಯಾರಿಗ್ ಗೊತ್ತು."

"ನಮ್ದು ಐತಾ?"

ಕಿತ್ತಳೆ ಕುಡಿದರೆ ನಾನು ಅಳುವವಳೆಂದು ಅವನು ಬಲ್ಲ. ಕೆನ್ನೆ ಒರೆಸಿಕೊಳ್ಳದೆ ಅವನ ಕಡೆ ತಿರುಗಿದೆ. "ನನ್ ಮುಖ ನೋಡಿದ್ರೆ ಕಾಣಲ್ವಾ?" ಎಂದೆ. ನೋಡಿದ. ಅವನ ಹುಬ್ಬು ಸಡಿಲವಾಯಿತು. "ಕಾಣ್ತದೆ" ಎಂದು ನಕ್ಕು ಮಗ್ ಇಸಿದುಕೊಂಡ.

ಊರು ಇನ್ನೂ ಹುಡುಕುತ್ತಿದೆ. ಹೆಂಗಸರು ಡಬ್ಬಿಗಳನ್ನೆಲ್ಲ ತೆರೆದು ಜೀರಿಗೆ, ಮೆಂತ್ಯ, ಓಮವನ್ನು ಒಂದೊಂದೇ ಕಾಳು ಅಗಿದು ನೋಡುತ್ತಿದ್ದಾರೆ. ಏನೂ ಹೋಗಿಲ್ಲ, ಉಪ್ಪು ಪುಕ್ಕಟೆ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಅಳತೆಗೆ ಬಂದವರು ನನ್ನನ್ನೂ ಕೇಳುತ್ತಾರೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತಲೆಯಾಡಿಸುತ್ತೇನೆ. ಮರದಲ್ಲಿ ಕಾಯಿಗಳು ಇನ್ನೂ ಹಸಿರು, ಮಾಗಲು ಮೂರು ತಿಂಗಳು ಇದೆ. ಅಲ್ಲಿಯವರೆಗೆ ಈ ಗುಟ್ಟು ನನ್ನೊಬ್ಬಳದು. ಗುರುವಾರ ಸಂಜೆ ಗೋಡೆಯ ಮೇಲೆ ಕೂರುತ್ತೇವೆ. ನಾನು ಕುಡಿಯುತ್ತೇನೆ. "ಹೇಗಿದೆ ಹೇಳು" ಎನ್ನುತ್ತಾನೆ. ಸಿಪ್ಪೆಯ ಖಾರದಿಂದ ಹಿಡಿದು, ಒಂದನ್ನೂ ಬಿಡದೆ ಹೇಳುತ್ತೇನೆ. ಕಿತ್ತಳೆ ಇಲ್ಲ ಎಂದರೆ ಅವನು ಮತ್ತೆ ಕಾಯಲು ಶುರು ಮಾಡುತ್ತಾನೆ. ಹತ್ತೊಂಬತ್ತು ವರ್ಷ ಇಬ್ಬರೂ ಕಾದೆವು. ಈ ಸಲ ಒಬ್ಬರು ಕಾದರೆ ಸಾಕು.